ರಜೆಯ ಕೊನೆಯ ದಿನದ ಸಹಿ

ಮಗಳ ಜನನ ಪ್ರಮಾಣಪತ್ರಕ್ಕಾಗಿ ಡ್ರಾಯರ್ ಕೆದಕುತ್ತಿದ್ದೆ. ಶಾಲೆಯವರಿಗೆ ಅದು ನಾಳೆಯೇ ಬೇಕಂತೆ. ಕತಾರಿನ ಅಲ್ ರಯ್ಯಾನಿನಲ್ಲಿರುವ ನಮ್ಮ ಎರಡು ಕೋಣೆಯ ಮನೆಯಲ್ಲಿ ಕಾಗದಪತ್ರಕ್ಕೆಂದು ಇರುವುದು ಒಂದೇ ಡ್ರಾಯರು. ಅದರಲ್ಲಿ ಬೇಕಾದ ಕಾಗದವೊಂದನ್ನು ಬಿಟ್ಟು ಉಳಿದೆಲ್ಲ ಸಿಗುತ್ತದೆ. ಕೆಟ್ಟ ರಿಮೋಟು, ಹಳೆಯ ಸಿಮ್ಮು, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಕೀಲಿಕೈ. ಬೆರಳಿಗೆ ಒಂದು ನೂಲು ಸಿಕ್ಕಿಕೊಂಡಿತು. ಎಳೆದೆ. ಹಸಿರು ಟ್ಯಾಗು. ಎರಡು ತುದಿಗೂ ತಗಡಿನ ಪುಟ್ಟ ಕಡ್ಡಿ ಇರುವ, ನಮ್ಮೂರ ಕೋರ್ಟು ಕಚೇರಿಗಳಲ್ಲಿ ಫೈಲು ಕಟ್ಟುವ ಟ್ಯಾಗು. ಅದರ ಹಿಂದೆಯೇ ಒಂದು ಕಟ್ಟು ಕಾಗದವೂ ಬಂತು. ಬಿಡಿಸುವ ಮೊದಲೇ ಸ್ಟಾಂಪ್ ಪ್ಯಾಡಿನ ನೇರಳೆ ಶಾಯಿಯ ವಾಸನೆ...

ಪೊರ್ಬುಗಳು ನೆನಪಾದರು. ನೆನಪಾದೊಡನೆ ಮೊದಲು ಬಂದದ್ದು ಸಿಟ್ಟು. ಸುಳ್ಳು ಯಾಕೆ ಹೇಳಲಿ? ದೋಹಾಕ್ಕೆ ಬಂದ ಇಷ್ಟು ವರ್ಷಗಳಲ್ಲಿ ನನ್ನ ತಾಳ್ಮೆಯನ್ನು ಅವರಷ್ಟು ಪರೀಕ್ಷೆ ಮಾಡಿದವರು ಇನ್ನೊಬ್ಬರಿಲ್ಲ. ಇವತ್ತೂ, ಈ ಲೇಖನ ಬರೆಯುವಾಗಲೂ, ಆ ಪರೀಕ್ಷೆ ಮುಗಿದ ಹಾಗೆ ಕಾಣುವುದಿಲ್ಲ.

ನಮ್ಮ ಕಡೆ, ಅಂದರೆ ಉಡುಪಿಯ ತುಳುವರಲ್ಲಿ, ಕ್ರೈಸ್ತ ಗಂಡಸರನ್ನು ಪೊರ್ಬುಗಳು ಎಂದು ಕರೆಯುವುದು ರೂಢಿ. ಅವರಿಗೊಂದು ಹೆಸರು ಇತ್ತು, ಅವರ ಐಡಿ ಕಾರ್ಡಿನಲ್ಲಿ ಒಂದೂವರೆ ಸಾಲು ತುಂಬುವಷ್ಟು ಉದ್ದದ್ದು. ಆದರೆ ನಾನು ಪೊರ್ಬುಲೇ ಎಂದೇ ಕರೆದೆ, ಅವರು ಹ್ಞೂಂ ಎಂದರು, ಅಷ್ಟಕ್ಕೇ ಮುಗಿಯಿತು. ಇಲ್ಲಿಯ ಹಳೆಯ ಪೇಟೆ ಸೂಕ್ ವಾಕಿಫ್‌ನ ಹಿಂದಿನ ಒಂದು ಗಲ್ಲಿಯಲ್ಲಿ, ಗಡಿಯಾರ ರಿಪೇರಿಯ ಅಂಗಡಿಗೂ ಚಹಾದಂಗಡಿಗೂ ನಡುವೆ, ಒಂದು ಟೈಪಿಂಗ್ ಸೆಂಟರ್ ಇತ್ತು. ವೀಸಾ ಅರ್ಜಿ, ಬಾಡಿಗೆ ಕರಾರು, ಸಂಬಳದ ದೂರು, ಎಲ್ಲವನ್ನೂ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಟೈಪು ಮಾಡಿ ಕೊಡುವ ಜಾಗ. ಮೂರು ಮೇಜುಗಳಲ್ಲಿ ಕೊನೆಯ ಮೇಜು ಪೊರ್ಬುಗಳದ್ದು. ದೋಹಾದಲ್ಲಿ ಕನ್ನಡ ಟೈಪು ಮಾಡುವವರು ಅವರೊಬ್ಬರೇ ಎಂದು ಯಾರೋ ನನಗೆ ಹೇಳಿದ್ದರು. ನಿಜವೋ ಸುಳ್ಳೋ, ಎರಡನೆಯವರನ್ನು ನಾನಂತೂ ಕಾಣಲಿಲ್ಲ. ಇಲ್ಲಿಗೆ ಬರುವ ಮೊದಲು ಅವರು ಊರಿನಲ್ಲಿ ಒಬ್ಬ ವಕೀಲರ ಗುಮಾಸ್ತರಾಗಿದ್ದರಂತೆ. ವಕೀಲರು ತೀರಿಕೊಂಡ ಮೇಲೆ, ಬೇರೆಯವರು ನಿವೃತ್ತಿಯ ಯೋಚನೆ ಮಾಡುವ ವಯಸ್ಸಿನಲ್ಲಿ, ಗಲ್ಫಿಗೆ ಬಂದವರು.

ನಾನು ಅವರ ಬಳಿಗೆ ಹೋಗಬೇಕಾಗಿ ಬಂದದ್ದು ಮನೆಯ ಜಪ್ತಿಯಿಂದ. ಊರಿನಲ್ಲಿರುವ ಮನೆ ನಾವು ಮೂವರದ್ದು: ಅಣ್ಣ, ಅಕ್ಕ, ನಾನು. ಅಪ್ಪ ಬಿಟ್ಟುಹೋದ ಹತ್ತು ಸೆಂಟ್ಸ್ ಜಾಗದಲ್ಲಿ ಅಕ್ಕನ ಬಳೆ, ನನ್ನ ಮೊದಲ ಆರು ವರ್ಷದ ಗಲ್ಫು, ಅಣ್ಣನ ಓಡಾಟ ಸೇರಿ ಎದ್ದ ತಾರಸಿ ಮನೆ. ಪತ್ರದಲ್ಲಿ ಮೂವರ ಹೆಸರೂ ಇದೆ. ಅಣ್ಣನಿಗೆ ಮಲ್ಪೆಯಲ್ಲಿ ಒಂದು ಟ್ರಾಲ್ ಬೋಟಿನಲ್ಲಿ ಪಾಲು ಬೇಕೆನಿಸಿತು, ಒಂದು ಫೈನಾನ್ಸಿನಿಂದ ಸಾಲ ತೆಗೆದ. ಬೋಟಿನ ಎಂಜಿನ್ನು ಎರಡನೆಯ ಮಳೆಗಾಲವನ್ನೂ ನೋಡಲಿಲ್ಲ. ಕಂತು ನಿಂತಿತು, ಕೇಸಾಯಿತು, ತೀರ್ಪಾಯಿತು. ಇದ್ಯಾವುದನ್ನೂ ಅಣ್ಣ ನಮಗೆ ಹೇಳಲಿಲ್ಲ. ಕೊನೆಗೆ ಕೋರ್ಟಿನ ಅಮೀನ ಬಂದು ಜಪ್ತಿಯ ನೋಟಿಸನ್ನು ಬಾಗಿಲಿಗೆ ಅಂಟಿಸಿ ಹೋದ. ಅಕ್ಕ ಮದುವೆಯಾಗಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಇಡೀ ಊರಿನ ರವಿಕೆ ಹೊಲಿಯುತ್ತಾಳೆ. ರವಿಕೆಗೆ ಅಳತೆ ಕೊಡಲು ಬಂದ ಹೆಂಗಸರೆಲ್ಲ ಮೊದಲು ಬಾಗಿಲಲ್ಲಿ ನಿಂತು ನೋಟಿಸು ಓದಿ, ಆಮೇಲೆ ಒಳಗೆ ಬಂದು ಅಳತೆ ಕೊಟ್ಟರಂತೆ.

ಸಾಲ ಅಣ್ಣನದ್ದು, ಜಪ್ತಿ ಮಾತ್ರ ಇಡೀ ಮನೆಗೆ. ಯಾಕೆಂದರೆ ಮನೆ ತೆರಿಗೆ, ಕರೆಂಟು, ನೀರು ಎಲ್ಲ ಅಣ್ಣನ ಹೆಸರಿನಲ್ಲಿತ್ತು. ಪಂಚಾಯತಿಗೆ ಓಡಾಡುವವನು ಅವನೇ ಅಲ್ಲವೇ, ಅವನ ಹೆಸರಿನಲ್ಲೇ ಇರಲಿ ಎಂದು ನಾನೇ ಹೇಳಿದ್ದೆ. ಗಲ್ಫಿನಲ್ಲಿರುವವರ ಔದಾರ್ಯ ಇಂಥ ಕಡೆಗಳಲ್ಲೇ ಹರಿಯುವುದು. ಊರಿನ ವಕೀಲರು ಫೋನಿನಲ್ಲಿ ಬಲು ಉಲ್ಲಾಸದಿಂದ ಮಾತಾಡಿದರು. ಎರಡು ಪಾಲು ನಿಮ್ಮದು ಮತ್ತು ಅಕ್ಕನದ್ದು, ಅದನ್ನು ಜಪ್ತಿಯಿಂದ ಬಿಡಿಸಬೇಕೆಂದು ತಕರಾರು ಅರ್ಜಿ ಹಾಕುವ. ಅಕ್ಕ ಇಲ್ಲೇ ಸಹಿ ಹಾಕ್ತಾರೆ, ನಿಮ್ಮದೊಂದು ಅಫಿಡವಿಟ್ಟು ಎಂಬೆಸಿಯಲ್ಲಿ ಮುದ್ರೆ ಹಾಕಿಸಿ ಕಳಿಸಿ, ಮೂರು ವಾರದ ನಂತರ ಸೋಮವಾರ ಹಿಯರಿಂಗು, ಟೆನ್ಶನ್ ಮಾಡ್ಬೇಡಿ ಮಾರಾಯ್ರೆ. ಅವರು ಕಳಿಸಿದ ಕರಡಿನಲ್ಲಿ ನನ್ನ ವಯಸ್ಸು ತಪ್ಪು, ಪಾಸ್‌ಪೋರ್ಟ್ ಸಂಖ್ಯೆ ಇನ್ಯಾರದ್ದೋ, ನಾನಿರುವ ದೇಶ ಕುವೈತ್. ಟೆನ್ಶನ್ ಮಾಡಬಾರದಂತೆ.

ಹಾಗಾಗಿ ಒಂದು ಮಂಗಳವಾರ ಸಂಜೆ, ವೆಸ್ಟ್ ಬೇಯ ಆಫೀಸಿನಿಂದ ನೇರವಾಗಿ ಪೊರ್ಬುಗಳ ಮೇಜಿಗೆ. ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದೆ. ಅವರು ಕನ್ನಡಕ ಒರೆಸಿದರು. ಕರಡನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿದರು. ಪೆನ್ಸಿಲ್ ಚೂಪು ಮಾಡಿದರು. ಮತ್ತೆ ಮೊದಲಿನಿಂದ ಓದಿದರು. ಚಹಾ ತರಿಸಿದರು, ಹಾಲಿಲ್ಲದ ಸುಲೈಮಾನಿ, ನನಗೆ ಬೇಡವೆಂದರೂ ಎರಡು. ಕಡೆಗೆ ನಾಲ್ಕನೆಯ ಪ್ಯಾರಾಕ್ಕೆ ಪೆನ್ಸಿಲಿನಿಂದ ಒಂದು ಗೀಟು ಎಳೆದರು.

ಆ ಪ್ಯಾರಾ ನನಗೆ ಬಾಯಿಪಾಠ: “ಸದರಿ ಸಾಲಕ್ಕೆ ಸಂಬಂಧಿಸಿದ ಯಾವುದೇ ಕಾಗದಪತ್ರಕ್ಕೆ ನಾನು ಸಹಿ ಮಾಡಿರುವುದಿಲ್ಲ ಮತ್ತು ಸದರಿ ಸಾಲದ ವಿಚಾರ ನನಗೆ ಎಳ್ಳಷ್ಟೂ ತಿಳಿದಿರುವುದಿಲ್ಲ.”

“ಇದು ಹೌದಾ?” ಎಂದರು.

“ಹೌದು.”

“ಆಲೋಚನೆ ಮಾಡಿ ಹೇಳಿ.”

“ಎಂತ ಆಲೋಚನೆ ಮಾಡುದು ಪೊರ್ಬುಲೇ? ನಾನು ಇಲ್ಲಿ, ಸಾಲ ಅಲ್ಲಿ.”

ಅವರು ಮೇಜಿನ ಖಾನೆಯಿಂದ ಒಂದು ಖಾಲಿ ಹಾಳೆ ತೆಗೆದು ನನ್ನ ಮುಂದಿಟ್ಟರು. ನಾನು ಎಷ್ಟು ಸಲ ರಜೆಗೆ ಹೋಗಿದ್ದೇನೆ, ಪ್ರತಿ ರಜೆಯ ಕೊನೆಯ ದಿನ ಏನೇನಕ್ಕೆ ಸಹಿ ಹಾಕಿದ್ದೇನೆ, ಎಲ್ಲ ಬರೆಯಬೇಕಂತೆ. ಸಾಲ ತೆಗೆದ ವರ್ಷದ್ದು ಮಾತ್ರ ಸಾಲದೇ ಎಂದರೆ, ಎಲ್ಲ ಬರೆದರೆ ಮಾತ್ರ ಆ ವರ್ಷದ್ದು ನೆನಪಿಗೆ ಬರುವುದು ಎಂದರು. “ಗಲ್ಫಿನವರೆಲ್ಲ ಸೈನ್ ಹಾಕುದು ಆ ದಿನವೇ. ಬೇರೆ ದಿನ ಅವರಿಗೆ ಪುರುಸೊತ್ತಿಲ್ಲ.”

ಮಾತು ಸುಳ್ಳಲ್ಲ. ರಜೆಯ ನಲವತ್ತು ದಿನ ಮದುವೆ, ಗೃಹಪ್ರವೇಶ, ಕೋಳಿರೊಟ್ಟಿ ಎಂದು ಕಳೆಯುತ್ತದೆ. ಕೊನೆಯ ದಿನ, ಅಂಗಳದಲ್ಲಿ ಟ್ಯಾಕ್ಸಿ ನಿಂತು, ಹಲಸಿನ ಹಪ್ಪಳದ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿರುವಾಗ ಮನೆಯವರಿಗೆ ಕಾಗದಗಳು ನೆನಪಾಗುತ್ತವೆ. ಗ್ಯಾಸಿನದ್ದು, ಬ್ಯಾಂಕಿನದ್ದು, ಸರ್ವೆಯದ್ದು, ಯಾರದ್ದೋ ರೇಷನ್ ಕಾರ್ಡಿನದ್ದು. ಇಲ್ಲಿ ಒಂದು, ಇಲ್ಲಿ ಒಂದು, ಹಿಂದೆ ಒಂದು. ವಿಮಾನದ ಹೊತ್ತಾಗಿರುತ್ತದೆ. ಓದಲು ಕೂತರೆ ಮನೆಯವರ ಮೇಲೆ ಸಂಶಯಪಟ್ಟ ಹಾಗೆ ಆಗುತ್ತದೆ. ನಾವೆಲ್ಲ ಹಾಕುತ್ತೇವೆ. ಹಾಕದ ಒಬ್ಬ ಗಲ್ಫಿನವನನ್ನು ತೋರಿಸಿ, ನಾನು ಅವನಿಗೆ ಊಟ ಹಾಕಿಸುತ್ತೇನೆ.

ಆದರೆ ಆ ಸಂಜೆ ಇದನ್ನೆಲ್ಲ ಒಪ್ಪಿಕೊಳ್ಳುವ ಮನಸ್ಥಿತಿ ನನ್ನದಾಗಿರಲಿಲ್ಲ. ಏಳು ರಜೆಯ ಏಳು ಕೊನೆಯ ದಿನಗಳನ್ನು ಕೂತು ಬರೆಯಲು ನಾನೇನು ಆತ್ಮಚರಿತ್ರೆ ಬರೆಯುತ್ತಿದ್ದೇನೆಯೇ? ಮೂರು ಸಾಲು ಬರೆದು ಪೆನ್ನು ಕೆಳಗಿಟ್ಟೆ. ಅವರು ಹಾಳೆಯನ್ನು ನೋಡಿ, ಮಡಚಿ, ನನಗೇ ಕೊಟ್ಟು, ಉಳಿದದ್ದನ್ನು ನಾಳೆ ಬರೆದು ತನ್ನಿ ಎಂದರು. ಬುಧವಾರ ಹೋದೆ. ಅಣ್ಣನನ್ನು ಕೇಳಿದ್ದೇನೆ, ಅವನೂ ಇಲ್ಲ ಅಂದಿದ್ದಾನೆ, ಟೈಪು ಮಾಡಿ ಎಂದೆ. “ಅಣ್ಣನನ್ನು ಬೇಡ. ಅಕ್ಕನನ್ನು ಕೇಳಿ,” ಎಂದರು ಪೊರ್ಬುಗಳು, ಕೀಬೋರ್ಡಿನ ಮೇಲೆ ಬಟ್ಟೆ ಮುಚ್ಚುತ್ತ. ಟೈಪು ಮಾಡಲೇ ಇಲ್ಲ. ಅದಕ್ಕೆ ಸಲ್ಲಬೇಕಾದ ಹಣವನ್ನೂ ಮುಟ್ಟಲಿಲ್ಲ. ಆ ಮನುಷ್ಯನ ಹಟ ಎಂಥದೆಂದರೆ, ಅವರ ಮ್ಯಾನೇಜರು, ಒಬ್ಬ ಮಲಯಾಳಿ, ನನ್ನ ಕಡೆ ನೋಡಿ ಕೈಚೆಲ್ಲಿ “ಮಾಫಿ ಫಾಯಿದಾ” ಎಂದ. ಏನೂ ಪ್ರಯೋಜನವಿಲ್ಲ ಎಂದರ್ಥ.

ಇನ್ನೊಂದು ತಲೆನೋವು ಇದೆ, ಇಲ್ಲಿರುವವರಿಗೆ ಗೊತ್ತು. ಇಲ್ಲಿ ಶುಕ್ರವಾರ, ಶನಿವಾರ ರಜೆ. ಊರಿನಲ್ಲಿ ಭಾನುವಾರ ರಜೆ. ಎರಡೂ ಕಡೆ ಬಾಗಿಲು ತೆರೆದಿರುವುದು ವಾರಕ್ಕೆ ನಾಲ್ಕೇ ದಿನ. ಆ ನಾಲ್ಕರಲ್ಲಿ ಆಫೀಸಿನಿಂದ ತಪ್ಪಿಸಿಕೊಂಡು ಎಂಬೆಸಿಗೆ ಹೋಗಬೇಕು, ಕೊರಿಯರಿಗೆ ಹಾಕಬೇಕು. ಪೊರ್ಬುಗಳ ಪ್ರಶ್ನೋತ್ತರಕ್ಕೆ ಎರಡು ದಿನ ಆಗಲೇ ಹೋಗಿತ್ತು. ಗುರುವಾರ ಬೆಳಿಗ್ಗೆ ನಾನೇ ತೀರ್ಮಾನ ಮಾಡಿದೆ. ನಾನೊಬ್ಬ ಡಾಕ್ಯುಮೆಂಟ್ ಕಂಟ್ರೋಲರ್. ಇಪ್ಪತ್ತನಾಲ್ಕನೆಯ ಮಹಡಿಯಲ್ಲಿ ಕೂತು ಇಡೀ ದಿನ ಇನ್ನೊಬ್ಬರ ನಕ್ಷೆಗಳಿಗೆ ನಂಬರು ಹಾಕುವವನು. ನನ್ನ ಪಕ್ಕದಲ್ಲೇ ಒಂದು ದೊಡ್ಡ ಪ್ರಿಂಟರ್ ಇರುವಾಗ ಪೊರ್ಬುಗಳ ಗೊಡವೆ ಯಾಕೆ? ವಕೀಲರ ಕರಡನ್ನೇ ಪ್ರಿಂಟ್ ಹೊಡೆದೆ. ವಯಸ್ಸು, ಪಾಸ್‌ಪೋರ್ಟ್ ಸಂಖ್ಯೆ ತಿದ್ದಿ, ಕುವೈತ್ ಎಂಬುದನ್ನು ಪೆನ್ನಿನಿಂದ ಹೊಡೆದು ಕತಾರ್ ಮಾಡಿ, ಪಕ್ಕದಲ್ಲಿ ಸಹಿ ಹಾಕಿದೆ. ಎರಡು ಗಂಟೆ ಪರ್ಮಿಷನ್ ತೆಗೆದುಕೊಂಡು ಎಂಬೆಸಿಗೆ ಹೋದೆ. ಟೋಕನ್ ಬೇಗ ಬಂತು, ಅಧಿಕಾರಿಯ ಎದುರು ಸಹಿ ಮಾಡಿದೆ, ಮುದ್ರೆ ಬಿತ್ತು. ಖಲಾಸ್. ಹೊರಗೆ ಬಂದಾಗ ಬೇಸಿಗೆಯ ಬಿಸಿಲು ಮುಖಕ್ಕೆ ಹೊಡೆದರೂ ಬೇಸರವೆನಿಸಲಿಲ್ಲ. ಪೊರ್ಬುಗಳಿಗೆ ಒಂದು ಪಾಠ ಕಲಿಸಿದ ಖುಷಿ ಅದು.

ಟ್ಯಾಕ್ಸಿಯಲ್ಲಿ ಕೂತು ಅಕ್ಕನಿಗೆ ಫೋನು ಮಾಡಿದೆ. ಅವಳ ಹೆದರಿಕೆ ಸ್ವಲ್ಪ ಇಳಿಯಲಿ ಎಂದು. ಹಿಂದೆ ಹೊಲಿಗೆ ಯಂತ್ರದ ಶಬ್ದ ಕೇಳುತ್ತಿತ್ತು. ಎಲ್ಲ ಆಯಿತು, ಕೇಳು ಎಂಥ ಗಟ್ಟಿ ಬರೆದಿದ್ದಾರೆ ಎಂದು ನಾಲ್ಕನೆಯ ಪ್ಯಾರಾವನ್ನು ಓದಿ ಹೇಳಿದೆ. ಯಂತ್ರ ನಿಂತಿತು.

“ಅದು ನೀನು ಹಾಕಿದ್ದೀಯಲ್ಲ ಮಾರಾಯ,” ಎಂದಳು ಅಕ್ಕ.

“ಎಂತ ಹಾಕಿದ್ದು?”

“ಸೈನ್. ನೀನು ಹೋಗುವ ದಿನ. ಅಣ್ಣ ಒಂದು ಹಳದಿ ಫೈಲ್ ತಂದ, ನೀನು ಟ್ಯಾಕ್ಸಿಯ ಬಾನೆಟ್ ಮೇಲಿಟ್ಟು ಹಾಕಿದ್ದು. ನಿನ್ನ ಪೆನ್ನು ಬರೀಲಿಲ್ಲ. ನಾನೇ ಒಳಗಿಂದ ಪೆನ್ನು ತಂದು ಕೊಟ್ಟದ್ದು.”

“ಮತ್ತೆ ನೀನ್ಯಾಕೆ ಇಷ್ಟು ದಿನ ಹೇಳ್ಲಿಲ್ಲ?”

“ನೀನು ಕೇಳಿದ್ಯಾ?”

ಬಾನೆಟ್ಟಿನ ಬಿಸಿ ನನ್ನ ಅಂಗೈಗೆ ನೆನಪಾಯಿತು. ಫೈಲು ಹಳದಿಯೇ. ಬರೆಯದ ಪೆನ್ನನ್ನು ಕೊಡವಿದ್ದೂ ನೆನಪಾಯಿತು. ಮೇಲೆ ಏನು ಬರೆದಿತ್ತು ಎಂಬುದು ಮಾತ್ರ... ಅದು ನೆನಪಾಗಲು ಮೊದಲು ಓದಿರಬೇಕಲ್ಲ. ಅಣ್ಣನಿಗೆ ಫೋನು ಮಾಡಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವನು ಹೇಳಿದ್ದು ಇಷ್ಟೇ: “ಬರೀ ಸಾಕ್ಷಿ ಸೈನ್ ಅಲ್ವಾ, ಅದು ಲೆಕ್ಕಕ್ಕಿಲ್ಲ ಅಂತ ಗ್ರಹಿಸಿದ್ದು.” ವಕೀಲರು ಸಾಲಪತ್ರದ ಕೊನೆಯ ಪುಟವನ್ನು ಕೋರ್ಟಿನ ಫೈಲಿನಿಂದ ಹುಡುಕಿ ಫೋಟೋ ಕಳಿಸಿದರು. ಸಾಕ್ಷಿ ಎಂಬಲ್ಲಿ ನನ್ನ ಸಹಿ, ನನ್ನ ಹೆಸರಿನ ಬಾಲ ಸಮೇತ. ನಾನು ಏನಕ್ಕೂ ಸಹಿ ಹಾಕಿಲ್ಲವೆಂದು ಪ್ರಮಾಣ ಮಾಡಿದ ಕಾಗದ ನನ್ನ ಬ್ಯಾಗಿನಲ್ಲಿ ಬೆಚ್ಚಗೆ ಕೂತಿತ್ತು. ಅದು ಕೋರ್ಟಿಗೆ ಹೋಗಿದ್ದರೆ, ಈ ಸುಳ್ಳೊಂದು ಬಯಲಾದ ಮೇಲೆ, ಮನೆಯಲ್ಲಿ ನನ್ನ ಪಾಲಿದೆ ಎಂಬ ನಿಜವನ್ನಾದರೂ ಯಾರು ನಂಬುತ್ತಿದ್ದರು?

ಭಾನುವಾರ ಸಂಜೆ ಟೈಪಿಂಗ್ ಸೆಂಟರಿನ ಬಾಗಿಲಲ್ಲಿ ಎರಡು ನಿಮಿಷ ನಿಂತೆ. ಒಳಗೆ ಹೋಗಲು ಮುಖವಿರಲಿಲ್ಲ. ಪೊರ್ಬುಗಳು ಕಂಡರು. “ನಾನು ಹೇಳಿರ್ಲಿಲ್ವಾ” ಎಂಬ ಒಂದು ಮಾತು ಬರುತ್ತದೆಂದು ಕಾದೆ. ಬಂದಿದ್ದರೆ ನನಗೂ ತಿರುಗಿ ಏನಾದರೂ ಹೇಳಿ ಹಗುರಾಗಬಹುದಿತ್ತು. ಅವರು ಕುರ್ಚಿ ಎಳೆದು ಕೊಟ್ಟು, ಎರಡು ಸುಲೈಮಾನಿ ತರಿಸಿ, ಕೀಬೋರ್ಡಿನ ಮೇಲಿನ ಬಟ್ಟೆ ತೆಗೆದರು.

ಒಂದೂವರೆ ಗಂಟೆ ಟೈಪು ಮಾಡಿದರು. ಎರಡೇ ಬೆರಳಿನಲ್ಲಿ. ಎಡಗಡೆ ನಾಲ್ಕು ಬೆರಳಿನಷ್ಟು ಅಂಚು ಬಿಡಬೇಕು. ಒಂದು ಪುಟದಲ್ಲಿ ಇಷ್ಟೇ ಸಾಲು ಇರಬೇಕು. ಪುಟದ ಕೊನೆಯಲ್ಲಿ ತಿದ್ದುಪಡಿ ಇಲ್ಲ ಎಂದು ಬರೆಯಬೇಕು. ಕೋರ್ಟು ಬಿಟ್ಟು ಎಷ್ಟೋ ವರ್ಷವಾದರೂ ಆ ಶಿಸ್ತು ಮೈಯಿಂದ ಇಳಿದಿರಲಿಲ್ಲ. ಕಾಯುತ್ತ ಕೂತವನು ಅವರ ಮೇಜಿನ ಗಾಜಿನಡಿ ಇಣುಕಿದೆ. ಕ್ಯಾಲೆಂಡರಿನ ಹಾಳೆಯ ಕೆಳಗೆ ಅರ್ಧ ಅಡಗಿಕೊಂಡು ಒಂದು ಹಂಚಿನ ಮನೆಯ ಚಿತ್ರ. ಉದ್ದದ ಜಗಲಿ, ಜಗಲಿಗೆ ನಾಲ್ಕು ಕಂಬ. ನಾನು ನೋಡುತ್ತಿರುವುದನ್ನು ಕಂಡು ಪೊರ್ಬುಗಳು ಬೆರಳಿಟ್ಟು ತೋರಿಸಿದರು. “ನಂದು, ತಮ್ಮಂದು, ಇಬ್ಬರದ್ದು. ಈ ಬಲಬದಿಯ ಎರಡು ಕೋಣೆ ನನ್ನ ಪಾಲಿಗೆ. ಊರಿಗೆ ಹೋದ ಮೇಲೆ ಜಗಲಿಯಲ್ಲಿ ಇಲ್ಲಿ ಕೂತುಕೊಳ್ಳುದು,” ಎಂದು ಎರಡನೆಯ ಕಂಬದ ಬುಡವನ್ನು ಮುಟ್ಟಿದರು. ಹೆಂಡತಿ ಇಲ್ಲ, ಮಕ್ಕಳೂ ಇಲ್ಲ ಎಂದು ಅದಕ್ಕೆ ಮೊದಲೇ ಗೊತ್ತಿತ್ತು. ನಾನು ಗಡಿಯಾರ ನೋಡಿದೆ. ಅವರು ಮತ್ತೆ ಟೈಪು ಮಾಡಿದರು.

ಹೊಸ ನಾಲ್ಕನೆಯ ಪ್ಯಾರಾ ಹೀಗಿತ್ತು: “ಸಾಲಪತ್ರದ ಕೊನೆಯ ಪುಟದಲ್ಲಿ ಸಾಕ್ಷಿಯ ಸ್ಥಳದಲ್ಲಿರುವ ಸಹಿಯು ನನ್ನದೇ ಆಗಿರುತ್ತದೆ. ವಿದೇಶಕ್ಕೆ ಹೊರಡುವ ಗಡಿಬಿಡಿಯಲ್ಲಿ ಸದರಿ ಕಾಗದವನ್ನು ಓದದೆ ಸಹಿ ಮಾಡಿರುತ್ತೇನೆ. ನಾನು ಸಾಲಗಾರನಾಗಲೀ ಜಾಮೀನುದಾರನಾಗಲೀ ಆಗಿರುವುದಿಲ್ಲ. ಮನೆಯಲ್ಲಿರುವ ನನ್ನ ಪಾಲನ್ನು ಸದರಿ ಸಾಲಕ್ಕೆ ಒಪ್ಪಿಸಿರುವುದಿಲ್ಲ.”

ಓದದೆ ಎಂಬ ಮಾತನ್ನು ತೆಗೆಯಿರಿ ಎಂದೆ. ಇಷ್ಟು ಓದಿಕೊಂಡವನು, ಕಾಗದ ನೋಡಿಕೊಳ್ಳುವುದೇ ಕೆಲಸವಾದವನು, ಓದದೆ ಸಹಿ ಹಾಕಿದ ಎಂದು ಕೋರ್ಟಿನಲ್ಲಿ ಓದಿದರೆ ಮರ್ಯಾದೆ ಏನು ಉಳಿಯಿತು?

“ನಾಚಿಕೆ ಆಗುದು ನಿಮಗೆ. ಮನೆ ಉಳಿಯುದು ಅಕ್ಕನಿಗೆ. ಯಾವುದು ಬೇಕು ಹೇಳಿ,” ಎಂದರು ಪೊರ್ಬುಗಳು. ಆ ಮಾತು ತೆಗೆಯಲಿಲ್ಲ.

ಪ್ರಿಂಟು ಬಂದ ಕೂಡಲೇ, ಅಭ್ಯಾಸಬಲ, ಕಿಸೆಯಿಂದ ಪೆನ್ನು ತೆಗೆದು ಕೊನೆಯ ಪುಟ ತಿರುಗಿಸಿದೆ. ಸಹಿ ಎಂಬೆಸಿಯಲ್ಲೇ ಆಗಬೇಕು ಎಂಬುದೂ ಮರೆತಿತ್ತು. ಅವರು ಅಂಗೈಯನ್ನು ಕಾಗದದ ಮೇಲೆ ಚಪ್ಪಟೆಯಾಗಿ ಇಟ್ಟರು. ಓದಿ ಎಂದರು. ಓದಿದ್ದೇನೆ ಎಂದೆ. ಅಲ್ಲ, ನನಗೆ ಕೇಳುವ ಹಾಗೆ ಓದಿ ಎಂದರು. ಅಂಗಡಿಯಲ್ಲಿ ಐದಾರು ಜನ ಕಾಯುತ್ತಿದ್ದರು. ಹನ್ನೊಂದು ಪ್ಯಾರಾ. ಶಾಲೆಯಲ್ಲಿ ಎದ್ದು ನಿಂತು ಪಾಠ ಓದುವ ಮಗುವಿನ ಹಾಗೆ ನಾನು ಓದಿದೆ, ಅವರು ಕಣ್ಣು ಮುಚ್ಚಿ ಕೇಳಿದರು. ಪ್ರತಿ ಪ್ಯಾರಾ ಮುಗಿದಾಗಲೂ ಒಂದೇ ಮಾತು: “ಅರ್ಥ ಆಯ್ತಾ?” ಆಯ್ತು ಎನ್ನದೆ ಮುಂದಿನದಕ್ಕೆ ಬಿಡುತ್ತಿರಲಿಲ್ಲ. ಕನ್ನಡದ ಗಂಧಗಾಳಿಯಿಲ್ಲದ ಮಲಯಾಳಿ ಮುದುಕರೊಬ್ಬರು ಏಳನೆಯ ಪ್ಯಾರಾದ ಹೊತ್ತಿಗೆ ತಲೆದೂಗತೊಡಗಿದ್ದರು. ನನ್ನ ಕಿವಿ ಬಿಸಿಯಾಗಿತ್ತು. ಓದು ಮುಗಿದ ಮೇಲೆ ತೂತು ಹೊಡೆದು, ಊರಿನಿಂದ ತರಿಸಿಟ್ಟುಕೊಂಡಿದ್ದ ಹಸಿರು ಟ್ಯಾಗನ್ನು ಪೋಣಿಸಿದರು. ಸ್ಟೇಪ್ಲರ್ ಸಾಲದೇ ಎಂದರೆ ಸಾಲದಂತೆ. ಎಂಬೆಸಿಯಲ್ಲಿ ಮುದ್ರೆ ಬಿದ್ದ ಮೇಲೆ ಒಂದು ನಕಲು ಮಾಡಿ ಇಟ್ಟುಕೊಳ್ಳಬೇಕು, ಸಹಿ ಹಾಕಿದ ಪ್ರತಿಯೊಂದು ಕಾಗದದ ನಕಲು ಕೈಯಲ್ಲಿರಬೇಕು ಎಂದು ಇನ್ನೊಂದು ಟ್ಯಾಗನ್ನೂ ಕೊಟ್ಟರು.

ಕಾಗದ ಹಿಯರಿಂಗಿಗೆ ಎರಡು ದಿನ ಇರುವಾಗ ತಲುಪಿತು. ಫೈನಾನ್ಸಿನ ವಕೀಲರು ಸಾಕ್ಷಿಯ ಸಹಿಯನ್ನು ದೊಡ್ಡ ಗುಟ್ಟು ಹಿಡಿದವರ ಹಾಗೆ ಎತ್ತಿ ತೋರಿಸಿದರಂತೆ. ನಮ್ಮ ವಕೀಲರು ನಾಲ್ಕನೆಯ ಪ್ಯಾರಾ ಓದಿದರಂತೆ, ಅಷ್ಟಕ್ಕೆ ಫೈನಾನ್ಸಿನ ವಕೀಲರು ಕೂತುಬಿಟ್ಟರಂತೆ. ಇನ್ನೂ ಎರಡು ಮೂರು ವಾಯಿದೆ ಆಗಿ ಆದೇಶ ಬಂತು. ಅಕ್ಕನ ಪಾಲು, ನನ್ನ ಪಾಲು ಜಪ್ತಿಯಿಂದ ಬಿಟ್ಟಿತು. ಅಣ್ಣನದ್ದು ಉಳಿಯಿತು. ಅದನ್ನು ನಾವಿಬ್ಬರು ಸೇರಿ ತೀರಿಸಿ ಬಿಡಿಸಿಕೊಂಡೆವು. ಬಾಗಿಲಿನ ಅಂಟನ್ನು ಅಕ್ಕ ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದಳು. ಅವಳ ಯಂತ್ರ ಈಗಲೂ ಅದೇ ಕಿಟಕಿಯ ಬಳಿ ಇದೆ. ಅಣ್ಣನೊಡನೆ ಮಾತು ಇದೆ, ಆದರೆ ಹಬ್ಬಕ್ಕೆ ಹಬ್ಬಕ್ಕೆ ಮಾತ್ರ.

ಆದೇಶ ಬಂದ ವಾರ ಮಧ್ಯಾಹ್ನದ ಬಿಡುವಿನಲ್ಲಿ ಒಂದು ಡಬ್ಬಿ ಸಿಹಿ ಹಿಡಿದು ಪೊರ್ಬುಗಳ ಬಳಿ ಓಡಿದೆ. ಇಪ್ಪತ್ತು ನಿಮಿಷದಲ್ಲಿ ಆಫೀಸಿಗೆ ವಾಪಸಾಗಬೇಕಿತ್ತು. ಸುದ್ದಿ ಕೇಳಿ ಅವರು ಕನ್ನಡಕ ತೆಗೆದು ಒರೆಸಿದರು. “ಅಕ್ಕ ಅಲ್ಲೇ ಇದ್ದಾರಲ್ಲ, ಸಾಕು,” ಎಂದರು. ಒಂದು ತುಂಡು ಸಿಹಿ ತಿಂದರು. ಆಮೇಲೆ, ನಾನು ಏಳಬೇಕೆನ್ನುವಾಗ, ಖಾನೆಯಿಂದ ಟೈಪು ಮಾಡಿದ ಎರಡು ಹಾಳೆ ತೆಗೆದರು. “ನಂದೊಂದು ಸಣ್ಣ ಕೆಲಸ ಉಂಟು. ಸಾಕ್ಷಿಗೆ ಇಬ್ಬರು ಬೇಕು. ಒಂದು ಸೈನ್ ಹಾಕ್ತೀರಾ?”

ಹಾಕದೆ ಇರುತ್ತೇನೆಯೇ. ನನ್ನ ಮನೆ ಉಳಿಸಿದವರು. ಸಿಹಿಯ ಡಬ್ಬಿಯ ಮೇಲೆಯೇ ಕಾಗದವನ್ನಿಟ್ಟು ಪೆನ್ನು ತೆಗೆದೆ. ಅವರು ಅಂಗೈಯನ್ನು ಹಾಳೆಯ ಮೇಲೆ ಇಟ್ಟರು, ಹಿಂದೆ ಇಟ್ಟ ಹಾಗೆಯೇ.

“ಓದುದಿಲ್ವಾ?”

“ನೀವು ಟೈಪ್ ಮಾಡಿದ್ದು ಅಲ್ವಾ ಪೊರ್ಬುಲೇ, ಮತ್ತೆಂತ ಓದುದು? ನನಗೆ ಲೇಟಾಯ್ತು.”

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ನಕ್ಕು ಕೈ ತೆಗೆದರು. ನಾನು ಸಹಿ ಹಾಕಿ, ಐಡಿಯ ನಕಲು ಕೊಟ್ಟು, ಯಲ್ಲಾ, ಹೊರಟೆ ಎಂದು ಎದ್ದೆ. ಬಾಗಿಲವರೆಗೆ ಬಂದು ಅದರ ಒಂದು ನಕಲನ್ನು ನನ್ನ ಕೈಗೆ ತುರುಕಿದರು. ಸಹಿ ಹಾಕಿದ ಪ್ರತಿಯೊಂದು ಕಾಗದದ ನಕಲು... ಅದನ್ನೂ ನೋಡದೆ ಬ್ಯಾಗಿಗೆ ಹಾಕಿದೆ. ಆ ದಿನ ಗಾಜಿನಡಿಯಲ್ಲಿ ಆ ಮನೆಯ ಚಿತ್ರ ಇತ್ತೋ ಇಲ್ಲವೋ... ಎಷ್ಟು ನೆನಪಿಸಿಕೊಂಡರೂ ಹೊಳೆಯುವುದಿಲ್ಲ.

ಆಮೇಲೆ ಎಲ್ಲ ಕೆಲಸವೂ ಮೊಬೈಲಿನಲ್ಲೇ ಆಗತೊಡಗಿತು, ಟೈಪಿಂಗ್ ಸೆಂಟರಿನ ಕಡೆ ಹೋಗುವ ಅಗತ್ಯ ಬೀಳಲಿಲ್ಲ. ಒಂದು ಸಲ ಸೂಕಿಗೆ ಹೋದಾಗ ಹೊಕ್ಕು ನೋಡಿದರೆ ಆ ಜಾಗವನ್ನೂ ಚಹಾದಂಗಡಿಯವರೇ ಹಿಡಿದಿದ್ದರು. ಪೊರ್ಬುಗಳು ವೀಸಾ ಮುಗಿಸಿ, ಎಕ್ಸಿಟ್ ಹೊಡೆದು ಊರಿಗೆ ಹೋದರೆಂದು ಚಹಾದವನು ಹೇಳಿದ. ಫೋನು ಮಾಡಬೇಕೆಂದುಕೊಂಡೆ. ನಂಬರು ಹುಡುಕಬೇಕಿತ್ತು, ಆಮೇಲೆ ಮಾಡೋಣ ಎಂದುಕೊಂಡೆ... ಹೋದ ವರ್ಷ ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಅವರ ಭಾವಚಿತ್ರ ಬಂತು, ಕೆಳಗೆ ಕೈಮುಗಿದ ಚಿಹ್ನೆಗಳ ಸಾಲು. ಚರ್ಚಿನ ಹಿಂದಿನ ಒಂದು ಬಾಡಿಗೆ ಕೋಣೆಯಲ್ಲಿ ತೀರಿಕೊಂಡರು ಎಂದು ಯಾರೋ ಬರೆದಿದ್ದರು. ಬಾಡಿಗೆ ಕೋಣೆ ಯಾಕೆ ಎಂದು ಒಂದು ಕ್ಷಣ ಅನಿಸಿತ್ತು. ನಾನೂ ಒಂದು ಕೈಮುಗಿದ ಚಿಹ್ನೆ ಒತ್ತಿ ಮೀಟಿಂಗಿಗೆ ಹೋದೆ.

ಇವತ್ತು ಸಿಕ್ಕ ಹಸಿರು ಟ್ಯಾಗಿನ ಕಟ್ಟಿನಲ್ಲಿ ನನ್ನ ಅಫಿಡವಿಟ್ಟಿನ ಹನ್ನೊಂದು ಪ್ಯಾರಾಗಳಿದ್ದವು. ಅವುಗಳ ಹಿಂದೆ ಎರಡು ಹಾಳೆ ಬೇರೆ. ಆಗ ಬ್ಯಾಗಿನಿಂದ ತೆಗೆದು ಇದರೊಳಗೇ ಸೇರಿಸಿಟ್ಟಿದ್ದೆನೋ ಏನೋ. ಮೊದಲ ಸಲ ಕಣ್ಣಾಡಿಸಿದೆ. ಅಧಿಕಾರ ಪತ್ರ. ಬರೆದುಕೊಟ್ಟವರು ಪೊರ್ಬುಗಳು, ಬರೆಸಿಕೊಂಡವನು ಅವರ ತಮ್ಮ. ಇಬ್ಬರಿಗೂ ಜಂಟಿಯಾಗಿರುವ ಮನೆಯಲ್ಲಿ ತನ್ನ ಅರ್ಧ ಪಾಲಿನ ಹಕ್ಕನ್ನು ತಮ್ಮನಿಗೇ ಬಿಟ್ಟುಕೊಟ್ಟು, ಆ ಹಕ್ಕುಬಿಡುಗಡೆ ಪತ್ರವನ್ನು ತನ್ನ ಪರವಾಗಿ ಊರಿನಲ್ಲಿ ನೋಂದಾಯಿಸಲು ತಮ್ಮನಿಗೆ ಕೊಟ್ಟ ಅಧಿಕಾರ. ಪ್ರೀತಿ ವಿಶ್ವಾಸದಿಂದ, ಯಾವುದೇ ಪ್ರತಿಫಲ ಪಡೆಯದೆ, ಯಾರ ಒತ್ತಾಯವೂ ಇಲ್ಲದೆ. ಬಲಬದಿಯ ಎರಡು ಕೋಣೆ, ಜಗಲಿ, ನಾಲ್ಕು ಕಂಬ. ಕೆಳಗೆ ಅವರ ಸಹಿ. ಅದರ ಕೆಳಗೆ, ಸಾಕ್ಷಿ ಎಂಬಲ್ಲಿ, ಬಾಲ ಸಮೇತ, ನನ್ನ ಸಹಿ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇನ್ನೊಬ್ಬರ ರಜೆಯ ಕೊನೆಯ ದಿನಗಳನ್ನೆಲ್ಲ ಕೂತು ಬರೆಸುವ ಮನುಷ್ಯ ತನ್ನದೇ ಮನೆಯನ್ನು ಹೀಗೆ ಬರೆದುಕೊಡುವುದೇ? ತಮ್ಮ ಕೇಳಿದನೇ, ಅತ್ತನೇ, ಅವನಿಗೂ ಸಾಲವಿತ್ತೇ? ಒಂದು ಸಾಲೂ ಇಲ್ಲ. ಇಷ್ಟು ಕರಾರುವಾಕ್ಕಾಗಿ ಟೈಪು ಮಾಡುವವರು ಕಾರಣವೊಂದನ್ನು ಬರೆಯಲಿಲ್ಲ. ನಾನು ಓದಿದ್ದರೆ ಕೇಳುತ್ತಿದ್ದೆ. ಪೆನ್ನು ಕೆಳಗಿಟ್ಟು, ಆಫೀಸು ಹಾಳಾಗಿಹೋಗಲಿ ಎಂದು ಕೇಳುತ್ತಿದ್ದೆ. ಅವರು ಅಂಗೈ ಇಟ್ಟು ಕಾದದ್ದು ಅದಕ್ಕೇ ಇರಬೇಕು. ಹಾಗಲ್ಲದೆಯೂ ಇರಬಹುದು. ಇನ್ನು ಗೊತ್ತಾಗುವುದಿಲ್ಲ.

ಪ್ರಮಾಣಪತ್ರ ಸಿಗಲಿಲ್ಲ. ಡ್ರಾಯರನ್ನು ಹಾಗೆಯೇ ಬಿಟ್ಟು ಅಡುಗೆಮನೆಯಲ್ಲಿ ನಿಂತು ಆ ಎರಡು ಹಾಳೆಯನ್ನು ಓದಿದೆ. ಮನಸ್ಸಿನಲ್ಲಲ್ಲ, ಕೇಳುವ ಹಾಗೆ. ಒಟ್ಟು ಐದು ಪ್ಯಾರಾ. ಒಂದೊಂದು ಮುಗಿದಾಗಲೂ ನಿಂತೆ. ಕೊನೆಯದು ಮುಗಿದ ಮೇಲೂ ನಿಂತೇ ಇದ್ದೆ.

ಆಗ್ಲಿಲ್ಲ ಪೊರ್ಬುಲೇ. ನನಗೆ ಅರ್ಥ ಆಗ್ಲಿಲ್ಲ.